ಇಬ್ರು ಒಳ್ಳೆ ಡಿಫೆಂಡರ್ ಸಿಕ್ಕಿದ್ರೆ ಜೋಡಿ ಆಗ್ಬಿಡುತ್ತಾ?

2023ರ ಮಾರ್ಚ್ 16, ಆರ್ಸೆನಲ್ ಫ್ಯಾನ್ಸ್‌ಗೆ ಕೇಳಿ ನೋಡಿ, ಈಗ್ಲೂ ಮುಖ ಸಿಂಡರಿಸ್ತಾರೆ. ಯುರೋಪಾ ಲೀಗ್‌ನಲ್ಲಿ ಸ್ಪೋರ್ಟಿಂಗ್ ಮೇಲೆ ಪೆನಾಲ್ಟಿಯಲ್ಲಿ ಸೋತು ಆಚೆ ಬಂದ್ರು, ಅದಿರ್ಲಿ ಬಿಡಿ, ಅಸಲಿ ಪೆಟ್ಟು ಬಿದ್ದಿದ್ದು ಫಸ್ಟ್ ಹಾಫಲ್ಲೇ, ಡಿಫೆಂಡರ್ ವಿಲಿಯಂ ಸಲಿಬಾ ಬೆನ್ನು ನೋವು ಅಂತ ಆಚೆ ಹೋದ, ಆ ಸೀಸನ್ನಲ್ಲಿ ಮತ್ತೆ ಆಡ್ಲೇ ಇಲ್ಲ. ಆಗ ಇಂಗ್ಲಿಷ್ ಪ್ರೀಮಿಯರ್ ಲೀಗ್ ಟೇಬಲ್‌ನಲ್ಲಿ ಮೇಲಿದ್ದಿದ್ದು ಆರ್ಸೆನಲ್ಲೇ. ಸಲಿಬಾ ಜಾಗಕ್ಕೆ ರಾಬ್ ಹೋಲ್ಡಿಂಗ್ ಬಂದ. ಲೀಗ್‌ನಲ್ಲಿ ಮೊದಲೆರಡು ಮ್ಯಾಚು ಏನೂ ಆಗ್ಲಿಲ್ಲ, ಕ್ರಿಸ್ಟಲ್ ಪ್ಯಾಲೇಸ್ ಮೇಲೆ 4-1, ಲೀಡ್ಸ್ ಮೇಲೆ 4-1, ಎಲ್ರೂ ಅಂದ್ಕೊಂಡ್ರು ಪರವಾಗಿಲ್ಲ ನಡೆಯುತ್ತೆ ಅಂತ. ಆಮೇಲೆ ಲಿವರ್‌ಪೂಲ್ ಮೇಲೆ 2-0 ಮುಂದಿದ್ದು 2-2, ವೆಸ್ಟ್ ಹ್ಯಾಮ್ ಮೇಲೆ 2-0 ಮುಂದಿದ್ದು 2-2, ಟೇಬಲ್ ತಳದಲ್ಲಿದ್ದ ಸೌತಾಂಪ್ಟನ್ ಜೊತೆ ಮನೆಯಲ್ಲೇ 3-3, ಕೊನೆಗೆ ಮ್ಯಾಂಚೆಸ್ಟರ್ ಸಿಟಿ ಕೈಲಿ 4-1 ಏಟು. ಟೈಟಲ್ ಅಲ್ಲಿಗೆ ಕೈ ಬಿಡ್ತು.

ಈಗ ಸುಲಭದ ವಿವರಣೆ ಏನಪ್ಪಾ ಅಂದ್ರೆ ಸಲಿಬಾ ದೊಡ್ಡ ಪ್ಲೇಯರ್, ಹೋಲ್ಡಿಂಗ್ ಅಷ್ಟಕ್ಕಷ್ಟೆ. ಸುಳ್ಳಲ್ಲ. ಆದ್ರೆ ಸಿಟಿ ಹೊಡೆದ ಮೊದಲನೇ ಗೋಲ್ ಇನ್ನೊಂದ್ಸಲ ಹಾಕ್ಕೊಂಡು ನೋಡಿ, ಕಥೆ ಬೇರೇನೇ ಇದೆ. ಹಿಂದಿನಿಂದ ಜಾನ್ ಸ್ಟೋನ್ಸ್ ಉದ್ದಕ್ಕೆ ಒಂದು ಬಾಲ್ ಎತ್ತಿ ಹಾಕ್ತಾನೆ, ಸಿಟಿ ಸ್ಟ್ರೈಕರ್ ಹಾಲಂಡ್ ಗೋಲಿಗೆ ಬೆನ್ನು ಮಾಡ್ಕೊಂಡು ಹೋಲ್ಡಿಂಗ್‌ನ ಮೈಮೇಲೆ ಒರಗಿಸ್ಕೊಂಡೇ ಬಾಲ್ ತಡೆದು ಡಿ ಬ್ರೂಯ್ನಗೆ ಬಿಡ್ತಾನೆ, ಅವನು ಓಡ್ಕೊಂಡು ಬಂದು ಬಾಕ್ಸ್ ಆಚೆಯಿಂದಲೇ ಕೆಳಗಡೆ ಮೂಲೆಗೆ ಹೊಡೀತಾನೆ. ಹೋಲ್ಡಿಂಗ್ ಹಾಲಂಡ್‌ಗೆ ಅಂಟ್ಕೊಂಡಿದ್ದು ತಪ್ಪಾ? ಅಂಟ್ಕೊಂಡು ಬಾಲ್ ಗೆಲ್ಲೋದಾದ್ರೆ ತಪ್ಪಲ್ಲ. ಗೆಲ್ಲೋಕಾಗಲ್ಲ ಅಂತ ಗೊತ್ತಿದ್ರೆ ಎರಡು ಹೆಜ್ಜೆ ಹಿಂದಕ್ಕೆ ಬಂದು ಡಿ ಬ್ರೂಯ್ನ ಓಡೋ ದಾರಿಗೆ ಅಡ್ಡ ನಿಲ್ಲೋದೂ ತಪ್ಪಲ್ಲ. ಎರಡರ ಮಧ್ಯೆ ಸಿಕ್ಕಾಕ್ಕೊಂಡಿದ್ದು ಎಡವಟ್ಟು. ಮತ್ತೆ ಪಕ್ಕದಲ್ಲಿರೋನಿಗೂ ಇವನು ಯಾವುದನ್ನ ಆರಿಸ್ಕೋತಾನೆ ಅನ್ನೋದು ಮೊದಲೇ ಗೊತ್ತಿರ್ಬೇಕಲ್ವಾ, ಅಲ್ಲೇ ಇರೋದು ಇಡೀ ವಿಷಯ.

ನನ್ನ ಪ್ರಕಾರ ಸೆಂಟರ್ ಬ್ಯಾಕ್ ಜೋಡಿ, ಅಂದ್ರೆ ಡಿಫೆನ್ಸ್ ನಡುವೆ ನಿಲ್ಲೋ ಇಬ್ರು, ಬೇಸಿಕಲಿ ಒಂದು ಒಪ್ಪಂದ. ಯಾರು ಹೋಗ್ತಾರೆ, ಯಾರು ಉಳೀತಾರೆ. ಬಾಲ್ ಬರೋದಕ್ಕೆ ಮುಂಚೆನೇ ಇದು ತೀರ್ಮಾನ ಆಗಿರ್ಬೇಕು, ಬಂದ್ಮೇಲೆ ಮಾತಾಡೋಕೆ ಟೈಮ್ ಇರಲ್ಲ. ಉಳಿದಿದ್ದೆಲ್ಲ, ಹೈಟು, ಸ್ಪೀಡು, ಹೆಡ್ಡಿಂಗು, ಎಡಗಾಲು ಬಲಗಾಲು, ಅದೆಲ್ಲ ಈ ಒಪ್ಪಂದನ ಸುಲಭ ಮಾಡುತ್ತೆ ಅಥವಾ ಕಷ್ಟ ಮಾಡುತ್ತೆ ಅಷ್ಟೇ.

ಹಳೇ ಫಾರ್ಮುಲಾ ಎಲ್ರಿಗೂ ಗೊತ್ತು, ಒಬ್ಬ ನುಗ್ಗೋನು, ಒಬ್ಬ ಕಾಯೋನು. ಒಬ್ಬ ಸ್ಟ್ರೈಕರ್ ಮೇಲೆ ಬಿದ್ದು ಬಾಲ್ ಕಿತ್ಕೋತಾನೆ, ಇನ್ನೊಬ್ಬ ಎರಡು ಹೆಜ್ಜೆ ಹಿಂದೆ ನಿಂತು ತಪ್ಪಿ ಹೋಗಿದ್ದನ್ನ ಗುಡಿಸ್ತಾನೆ. ಇದಕ್ಕೆ ಎಲ್ರೂ ಕೊಡೋ ಉದಾಹರಣೆ ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಡಿಚ್ ಮತ್ತೆ ಫರ್ಡಿನಾಂಡ್, ಕೊಡ್ಬೇಕಾದ್ದೇ. ಫರ್ಡಿನಾಂಡ್ 2002ರಲ್ಲಿ ಲೀಡ್ಸ್‌ನಿಂದ ದೊಡ್ಡ ದುಡ್ಡಿಗೆ ಬಂದೋನು, ವಿಡಿಚ್ 2006ರ ಜನವರಿಯಲ್ಲಿ ಸ್ಪಾರ್ಟಕ್ ಮಾಸ್ಕೋದಿಂದ ಅದಕ್ಕಿಂತ ಎಷ್ಟೋ ಕಮ್ಮಿಗೆ ಬಂದೋನು. 2008-09ರಲ್ಲಿ ವಾನ್ ಡರ್ ಸಾರ್ ಲೀಗ್‌ನಲ್ಲಿ 1311 ನಿಮಿಷ ಗೋಲ್ ಬಿಡದೆ ಆಡಿದ್ನಲ್ಲ, ರೆಕಾರ್ಡ್ ಕೀಪರ್ ಹೆಸರಲ್ಲಿದೆ, ಆದ್ರೆ ಅದ್ರಲ್ಲಿ ಇವರಿಬ್ರ ಪಾಲು ಎಷ್ಟಿತ್ತು ಅಂತ ಆಗ ಮ್ಯಾಚ್ ನೋಡಿದೋರಿಗೆ ಹೇಳ್ಬೇಕಾಗಿಲ್ಲ.

ಆದ್ರೆ ಅದೇ ಸೀಸನ್ನಲ್ಲೇ, 2009ರ ಮಾರ್ಚ್‌ನಲ್ಲಿ, ಓಲ್ಡ್ ಟ್ರಾಫರ್ಡ್‌ಗೆ ಲಿವರ್‌ಪೂಲ್ ಬಂದು 4-1 ಹೊಡೆದು ಹೋಯ್ತು. ಲಿವರ್‌ಪೂಲ್‌ನ ಮೊದಲ ಗೋಲು ನೋಡಿ: ಹಿಂದಿನಿಂದ ಒಂದು ಸಾದಾ ಉದ್ದನೆ ಬಾಲು, ವಿಡಿಚ್ ಕೆಳಗೇ ಇದ್ದಾನೆ, ತಲೆ ಕೊಟ್ಟು ಆಚೆ ಕಳಿಸಿದ್ರೆ ಮುಗೀತಿತ್ತು, ಅವನು ಪುಟಿಯೋಕೆ ಬಿಟ್ಟ, ಅಷ್ಟು ಸಾಕಾಯ್ತು ಟೊರೆಸ್‌ಗೆ, ಕಾಲಡಿಯಿಂದ ಕದ್ದು ಒಬ್ಬನೇ ಓಡಿ ಗೋಲ್. ಸೆಕೆಂಡ್ ಹಾಫಲ್ಲಿ ಜೆರಾರ್ಡ್‌ನ ಎಳೆದಿದ್ದಕ್ಕೆ ವಿಡಿಚ್‌ಗೆ ರೆಡ್ ಕಾರ್ಡೂ ಆಯ್ತು. ಇಲ್ಲಿ ಯಾರು ಹೋಗ್ಬೇಕು ಅನ್ನೋದ್ರಲ್ಲಿ ಗೊಂದಲನೇ ಇರ್ಲಿಲ್ಲ, ಬಾಲ್ ವಿಡಿಚ್‌ದೇ. ಆದ್ರೆ ನುಗ್ಗೋನು ಅರ್ಧ ಸೆಕೆಂಡ್ ಯೋಚನೆ ಮಾಡಿದ್ರೆ ಎಂಥಾ ಕವರ್ ಇದ್ರೂ ಉಪಯೋಗಕ್ಕೆ ಬರಲ್ಲ, ಟೊರೆಸ್ ಥರದ ಸ್ಪೀಡ್ ಇರೋನು ಎದುರಿಗಿದ್ರಂತೂ ಕೇಳ್ಲೇಬೇಡಿ. ಕೆಲಸ ಹಂಚ್ಕೊಂಡ ಜೋಡೀಲಿ ಇರೋ ವೀಕ್‌ನೆಸ್ ಇದು, ಎದುರು ಟೀಮ್‌ಗೆ ಗೊತ್ತಿರುತ್ತೆ ಯಾರನ್ನ ಕೆಣಕ್ಬೇಕು ಅಂತ. (ಯುನೈಟೆಡ್ ಆ ವರ್ಷ ಲೀಗ್ ಗೆದ್ದಿದ್ದೂ ನಿಜ, ಲಿವರ್‌ಪೂಲ್ ಫ್ಯಾನ್ಸ್ ಈ ಗೋಲ್ ಕ್ಲಿಪ್ ಮಾತ್ರ ಹಾಕ್ತಾರೆ, ಟೇಬಲ್ ಹಾಕಲ್ಲ.)

ಆರ್ಸೆನಲ್‌ನ ಸಲಿಬಾ-ಗೇಬ್ರಿಯಲ್ ಜೋಡಿ ಈ ಫಾರ್ಮುಲಾದೊಳಗೆ ಸರಿಯಾಗಿ ಕೂರಲ್ಲ. ಮೇಲ್ನೋಟಕ್ಕೆ ಗೇಬ್ರಿಯಲ್ ನುಗ್ಗೋನು, ಸಲಿಬಾ ಕೂಲ್ ಆಗಿ ಕಾಯೋನು ಅನ್ಸುತ್ತೆ. ಆದ್ರೆ ಸ್ಟ್ರೈಕರ್ ಬಲಗಡೆ ಜಾರಿದ್ರೆ ಸಲಿಬಾನೇ ಹಾಫ್ ಲೈನ್ ತನಕ ಅವನ ಹಿಂದೆ ಹೋಗ್ತಾನೆ, ಗೇಬ್ರಿಯಲ್ ಒಳಗೆ ಬಂದು ಕಾಯ್ತಾನೆ. ಇಬ್ರಿಗೂ ಎರಡೂ ಕೆಲಸ ಬರುತ್ತೆ. ಯಾರ ಸೈಡಿಗೆ ಬಾಲ್ ಬಂತೋ ಅವನು ಹೋಗ್ತಾನೆ, ಇನ್ನೊಬ್ಬ ಅವನ ಹಿಂದೆ ಓರೆಯಾಗಿ ಬಂದು ನಿಲ್ತಾನೆ, ಪಕ್ಕಕ್ಕಲ್ಲ, ಓರೆಯಾಗಿ, ಈ ಕೋನ ಮುಖ್ಯ. ಇಬ್ರೂ ಒಂದೇ ಗೆರೆಯಲ್ಲಿ ನಿಂತಿದ್ರೆ ಒಂದೇ ಪಾಸು ಇಬ್ರನ್ನೂ ದಾಟುತ್ತೆ, ಒಬ್ಬ ಸ್ವಲ್ಪ ಹಿಂದಿದ್ರೆ ಅದೇ ಪಾಸು ಅವನ ಕಾಲಿಗೇ ಬರುತ್ತೆ. ಆದ್ರೆ ತುಂಬಾ ಹಿಂದಿದ್ರೆ ಆಫ್‌ಸೈಡ್ ಲೈನ್ ಮುರಿದು ಹೋಗುತ್ತೆ. ಹಾಗಾಗಿ ಮುಂದೆ ಹೋದೋನು ಬಾಲ್ ಗೆದ್ದ ಕ್ಷಣಾನೇ ಹಿಂದಿರೋನು ಮೇಲೆ ಬರ್ಬೇಕು. ಇದನ್ನ 90 ನಿಮಿಷದಲ್ಲಿ ಮತ್ತೆ ಮತ್ತೆ ಮಾಡ್ತಾನೇ ಇರ್ಬೇಕು, ಟಿವಿ ಕ್ಯಾಮೆರಾ ಬಾಲ್ ಹಿಂದೆ ಓಡೋದ್ರಿಂದ ನಮಗೆ ಅದ್ರಲ್ಲಿ ಅರ್ಧನೂ ಕಾಣಲ್ಲ, ಅದಕ್ಕೇ ಟ್ಯಾಕಲ್ ಎಷ್ಟು ಮಾಡ್ದ ಅಂತ ಎಣಿಸಿ ಡಿಫೆಂಡರ್‌ಗೆ ಮಾರ್ಕ್ಸ್ ಹಾಕೋದು ನಂಗೆ ಯಾವತ್ತೂ ಸರಿ ಕಂಡಿಲ್ಲ.

ಇನ್ನು ಗೇಬ್ರಿಯಲ್ ಎಡಗಾಲಿನೋನು, ಸಲಿಬಾ ಬಲಗಾಲಿನೋನು. ಇದು ಅಲಂಕಾರಕ್ಕಲ್ಲ. 2019ರಲ್ಲಿ ಗೋಲ್ ಕಿಕ್ ರೂಲ್ ಬದಲಾಗಿ ಬಾಲ್ ಬಾಕ್ಸ್ ಆಚೆ ಹೋಗ್ಲೇಬೇಕು ಅನ್ನೋದು ಹೋಯ್ತಲ್ಲ, ಆವಾಗಿಂದ ಸೆಂಟರ್ ಬ್ಯಾಕ್‌ಗಳು ತಮ್ಮ ಬಾಕ್ಸ್ ಒಳಗೇ ನಿಂತು ಆಟ ಶುರು ಮಾಡ್ತಾರೆ, ಎದುರು ಟೀಮ್‌ನೋರು ಮೈಮೇಲೆ ಬಂದು ಪ್ರೆಸ್ ಮಾಡ್ತಾರೆ. ಎಡಗಡೆ ಬಲಗಾಲಿನೋನು ನಿಂತಿದ್ರೆ ಅವನು ಲೈನ್ ಪಕ್ಕದ ಪಾಸ್ ಕೊಡೋಕೆ ಬಾಲ್ ಒಳಗೆ ತಿರುಗಿಸ್ಕೋಬೇಕು, ಅಷ್ಟರಲ್ಲಿ ಪ್ರೆಸ್ ಮಾಡೋನು ಬಂದ್ಬಿಟ್ಟಿರ್ತಾನೆ. ಎಡಗಾಲಿದ್ರೆ ಮೈ ತೆರೆದು ನಿಂತು ಒಂದೇ ಟಚ್‌ನಲ್ಲಿ ಆಚೆ ಕಳಿಸ್ಬೋದು. ಎಡಗಾಲಿನ ಸೆಂಟರ್ ಬ್ಯಾಕ್‌ಗೆ ಮಾರ್ಕೆಟ್‌ನಲ್ಲಿ ಈಗ ಇಷ್ಟು ಡಿಮ್ಯಾಂಡ್ ಇರೋದು ಇದಕ್ಕೇ.

2023-24ರಲ್ಲಿ ಇನ್ನೊಂದು ಮಜಾ ಆಯ್ತು, ಮೊದಲ ಮೂರು ಲೀಗ್ ಮ್ಯಾಚಿಗೆ ಆರ್ಸೆನಲ್ ಕೋಚ್ ಆರ್ಟೆಟಾ ಗೇಬ್ರಿಯಲ್‌ನ ಬೆಂಚಲ್ಲಿ ಕೂರಿಸಿ ಬೆನ್ ವೈಟ್‌ನ ಒಳಗೆ ತಂದು ಏನೋ ಪ್ರಯೋಗ ಮಾಡಿದ್ರು. ಆಮೇಲೆ ಸುಮ್ನೆ ವಾಪಸ್ ಹಾಕ್ಕೊಂಡ್ರು. ಸಲಿಬಾ ಆ ಸೀಸನ್ 38 ಲೀಗ್ ಮ್ಯಾಚೂ ಒಂದು ನಿಮಿಷ ಬಿಡದೆ ಆಡಿದ, ಟೀಮ್ ಬಿಟ್ಟಿದ್ದು 29 ಗೋಲು, ಲೀಗ್‌ನಲ್ಲೇ ಕಮ್ಮಿ. ಮಾರ್ಚ್ ಕೊನೆಯಲ್ಲಿ ಎತಿಹಾದ್‌ನಲ್ಲಿ 0-0, ವರ್ಷದ ಹಿಂದೆ ಇದೇ ಮೈದಾನದಲ್ಲಿ ನಾಲ್ಕು ಗೋಲು ತಿಂದಿದ್ರಲ್ಲ, ಅದೇ ಹಾಲಂಡ್, ಅದೇ ಡಿ ಬ್ರೂಯ್ನ. ಆದ್ರೂ 89 ಪಾಯಿಂಟ್ ಮಾಡಿ ಎರಡನೇ ಸ್ಥಾನ, ಸಿಟಿಗೆ 91. ಡಿಫೆನ್ಸ್ ಒಂದೇ ಟೈಟಲ್ ತರುತ್ತೆ ಅನ್ನೋರು ಇದನ್ನೂ ನೆನಪಿಟ್ಕೊಳ್ಳಿ.

ಇಲ್ಲೀವರೆಗೆ ಓದಿದೋರು ಕೇಳ್ಬೋದು, ಹಾಗಾದ್ರೆ ಜೋಡೀಲಿ ಒಬ್ಬ ಹೋದ್ರೆ ಎಲ್ಲ ಮುಗೀತಾ ಅಂತ. 2014ರ ವರ್ಲ್ಡ್ ಕಪ್‌ನ ಬ್ರೆಜಿಲ್ ನೋಡಿದ್ರೆ ಹೌದು ಅನ್ಸುತ್ತೆ. ಕ್ವಾರ್ಟರ್ ಫೈನಲ್ಲಲ್ಲಿ ಕೊಲಂಬಿಯಾ ಮೇಲೆ ಥಿಯಾಗೊ ಸಿಲ್ವಾ, ಡೇವಿಡ್ ಲೂಯಿಸ್ ಇಬ್ರೂ ಗೋಲ್ ಹೊಡೆದ್ರು, ಆದ್ರೆ ಸಿಲ್ವಾ ಕೀಪರ್‌ಗೆ ಅಡ್ಡ ಹೋಗಿ ಎಲ್ಲೂ ಬೇಡದ ಒಂದು ಯೆಲ್ಲೋ ಕಾರ್ಡ್ ತಗೊಂಡು ಜರ್ಮನಿ ಮೇಲಿನ ಸೆಮಿಫೈನಲ್‌ಗೆ ಸಸ್ಪೆಂಡ್ ಆದ. ಬದಲಿಗೆ ಡಾಂಟೆ, ಜರ್ಮನಿಯಲ್ಲೇ ಆಡ್ತಿದ್ದೋನು, ಬಯರ್ನ್ ಮ್ಯೂನಿಕ್‌ನಲ್ಲಿ. ಕ್ಯಾಪ್ಟನ್ ಪಟ್ಟಿ ಡೇವಿಡ್ ಲೂಯಿಸ್ ತೋಳಿಗೆ. ನಮ್ಮ ಕಡೆ ರಾತ್ರಿ ಒಂದೂವರೆಗೆ ಶುರುವಾದ ಆ ಮ್ಯಾಚನ್ನ ನಿದ್ದೆಗೆಟ್ಟು ನೋಡಿದೋರು ಎಷ್ಟೋ ಜನ ಇದೀರಿ, ಕಾರ್ನರ್‌ನಲ್ಲಿ ಮುಲ್ಲರ್‌ನ ಮಾರ್ಕ್ ಮಾಡ್ಬೇಕಿದ್ದ ಲೂಯಿಸ್ ಗುಂಪಿನಲ್ಲಿ ತಡೆದು ನಿಂತ, ಮುಲ್ಲರ್ ಒಬ್ಬನೇ ನಿಂತು ತಳ್ಳಿದ, ಅಲ್ಲಿಂದ 23ನೇ ನಿಮಿಷಕ್ಕೂ 29ನೇ ನಿಮಿಷಕ್ಕೂ ಮಧ್ಯೆ ನಾಲ್ಕು ಗೋಲು. ಲೂಯಿಸ್ ಸುಮ್ನೆ ನಿಂತ್ಕೊಳ್ಳೋ ಮನುಷ್ಯನೇ ಅಲ್ಲ, ಬಾಲ್ ಎಲ್ಲಿದ್ರೂ ಹೋಗ್ತಾನೆ. ಸಿಲ್ವಾ ಜೊತೆಗಿದ್ದಾಗ ಅದು ಸರಿಹೋಗ್ತಿತ್ತು, ಯಾಕಂದ್ರೆ ಅವನು ಹೋದ್ರೆ ಹಿಂದೆ ಏನು ಮಾಡ್ಬೇಕು ಅಂತ ಸಿಲ್ವಾಗೆ ಗೊತ್ತಿತ್ತು. ಡಾಂಟೆ ಕೆಟ್ಟ ಡಿಫೆಂಡರ್ ಅಲ್ಲ, ವರ್ಷದ ಹಿಂದಷ್ಟೇ ಬಯರ್ನ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದೋನು. ಆದ್ರೆ ಒಪ್ಪಂದ ಇನ್ನೊಬ್ಬನ ತಲೇಲಿತ್ತು, ಇನ್ನೊಬ್ಬ ಸ್ಟ್ಯಾಂಡಲ್ಲಿ ಕೂತಿದ್ದ.

ಆದ್ರೆ ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆನೂ ಇದೆ, ನಂಗೆ ಇದೇ ಹೆಚ್ಚು ಇಂಟರೆಸ್ಟಿಂಗ್ ಅನ್ಸೋದು. 1994ರ ಚಾಂಪಿಯನ್ಸ್ ಲೀಗ್ ಫೈನಲ್, ಅಥೆನ್ಸ್. ಎಸಿ ಮಿಲಾನ್‌ಗೆ ಫ್ರಾಂಕೊ ಬರೇಸಿನೂ ಇಲ್ಲ, ಅಲೆಸ್ಸಾಂಡ್ರೊ ಕೊಸ್ಟಾಕುರ್ಟಾನೂ ಇಲ್ಲ, ಇಬ್ರೂ ಸಸ್ಪೆಂಡ್. ಆ ಸೀಸನ್ 34 ಲೀಗ್ ಮ್ಯಾಚಲ್ಲಿ 15 ಗೋಲು ಮಾತ್ರ ಬಿಟ್ಟಿದ್ದ ಟೀಮ್‌ನ ನಡು ಇಡೀ ಕಿತ್ತು ಹೋದಂಗೆ. ಎದುರಿಗೆ ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾ, ರೊಮಾರಿಯೊ, ಸ್ಟೊಯಿಚ್ಕೊವ್. ಎಲ್ರೂ ಬಾರ್ಸಾ ಗೆಲ್ಲುತ್ತೆ ಅಂತಿದ್ರು. ಕಪೆಲ್ಲೊ ಏನ್ಮಾಡಿದ, ಲೆಫ್ಟ್ ಬ್ಯಾಕ್ ಮಾಲ್ದೀನಿನ ಒಳಗೆ ತಂದ, ಪಕ್ಕದಲ್ಲಿ ಫಿಲಿಪ್ಪೊ ಗಾಲಿ, ಒಂದು ಕಡೆ ಟಸ್ಸೊಟ್ಟಿ, ಇನ್ನೊಂದು ಕಡೆ ಪನುಚ್ಚಿ. ರಿಸಲ್ಟು 4-0, ಮಿಲಾನ್‌ಗೆ.

ಹೆಂಗೆ ಸಾಧ್ಯ? ಯಾಕಂದ್ರೆ ಅಲ್ಲಿ ಒಪ್ಪಂದ ಇಬ್ರ ನಡುವೆ ಇರ್ಲಿಲ್ಲ, ಇಡೀ ಟೀಮ್‌ನದ್ದಾಗಿತ್ತು. ಕಪೆಲ್ಲೊಗಿಂತ ಮುಂಚೆ ಅರಿಗೊ ಸಾಕ್ಕಿ ಬಾಲೇ ಇಲ್ದೆ ಪ್ರಾಕ್ಟೀಸ್ ಮಾಡಿಸ್ತಿದ್ರು, ಬಾಲ್ ಇಂಥಾ ಕಡೆ ಇದೆ ಅಂತ ಊಹೆ ಮಾಡ್ಕೊಂಡು ಹನ್ನೊಂದು ಜನನೂ ಸರೀಬೇಕು, ಮತ್ತೆ ಮತ್ತೆ. ಟಸ್ಸೊಟ್ಟಿ, ಗಾಲಿ, ಮಾಲ್ದೀನಿ ಮೂವರೂ ಅದೇ ಗರಡೀಲಿ ವರ್ಷಗಟ್ಟಲೆ ಪಳಗಿದೋರು. ಅವರ ಮುಂದೆ ಮಿಡ್‌ಫೀಲ್ಡಲ್ಲಿ ದೆಸಾಯಿ ಇದ್ದ, ಅವನೇ ಒಬ್ಬ ಸೆಂಟರ್ ಬ್ಯಾಕ್, ರೊಮಾರಿಯೊ ತನಕ ಬಾಲೇ ಸರಿಯಾಗಿ ಬರೋಕೆ ಬಿಡ್ಲಿಲ್ಲ, ಕೊನೇ ಗೋಲೂ ಅವನೇ ಹೊಡೆದ. ಬ್ರೆಜಿಲ್‌ಗೆ ಆ ರಾತ್ರಿ ಇಲ್ದೆ ಹೋಗಿದ್ದು ಇದೇ, ಫೆರ್ನಾಂಡಿನ್ಯೊ, ಗುಸ್ತಾವೊ ಇಬ್ರನ್ನೂ ದಾಟ್ಕೊಂಡು ಕ್ರೂಸ್, ಖೆದೀರಾ ಆರಾಮಾಗಿ ಓಡಾಡ್ತಿದ್ರು, ಮಾರ್ಸೆಲೊ ಮೇಲೆ ಹೋದೋನು ಮೇಲೇ. ಅಂಥಾ ಹೊತ್ತಲ್ಲಿ ಸಿಲ್ವಾ ಇದ್ದಿದ್ರೂ ಮೊದಲ ಅರ್ಧ ಗಂಟೇಲಿ ಐದರ ಬದ್ಲು ಮೂರಾಗ್ತಿತ್ತೇನೋ.

ಆರ್ಸೆನಲ್‌ಗೂ ಆಮೇಲೆ ಇಂಥದ್ದೇ ಒಂದು ಟೆಸ್ಟ್ ಬಂತು. 2025ರ ಏಪ್ರಿಲ್ ಶುರುವಲ್ಲಿ ಫುಲಂ ಮೇಲೆ ಆಡ್ತಾ ಗೇಬ್ರಿಯಲ್ ಹ್ಯಾಮ್‌ಸ್ಟ್ರಿಂಗ್ ಹಿಡ್ಕೊಂಡು ಆಚೆ ಹೋದ, ಒಂದೇ ವಾರದಲ್ಲಿ ರಿಯಲ್ ಮ್ಯಾಡ್ರಿಡ್. ಯಾಕೂಬ್ ಕಿವಿಯೋರ್ ಬಂದ, ಮನೆಯಲ್ಲಿ 3-0, ಬರ್ನಬೂನಲ್ಲಿ 2-1, ಎಂಬಪ್ಪೆ, ವಿನಿಸಿಯಸ್ ಇದ್ದ ಟೀಮು ಎರಡು ಮ್ಯಾಚಲ್ಲಿ ಒಂದೇ ಗೋಲ್, ಅದೂ ಸಲಿಬಾ ಕಾಲಲ್ಲಿ ಬಾಲ್ ಕಳ್ಕೊಂಡಿದ್ರಿಂದ. 2023ಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಿವಿಯೋರ್ ಎಡಗಾಲಿನೋನು, ಹಾಗಾಗಿ ಪಾಸಿಂಗ್ ನಕ್ಷೆ ಬದಲಾಗ್ಲಿಲ್ಲ. ಮುಂದೆ ಡೆಕ್ಲನ್ ರೈಸ್, ಥಾಮಸ್ ಪಾರ್ಟಿ. ಮತ್ತೆ ಎರಡು ವರ್ಷದಲ್ಲಿ ಟೀಮೇ ಬೇರೆ ಆಗಿತ್ತು, ಕಾಯೋದನ್ನ ಕಲ್ತಿತ್ತು. 2023ರ ಆರ್ಸೆನಲ್ ಅಷ್ಟು ಮೇಲೆ, ಹಾಫ್ ಲೈನ್ ಕಡೆಗೆ, ಡಿಫೆನ್ಸ್ ಲೈನ್ ಇಟ್ಕೊಂಡು ಆಡ್ತಿದ್ದಿದ್ದು ಸಲಿಬಾ ಸ್ಪೀಡ್ ನಂಬ್ಕೊಂಡು. ಅವನಿಲ್ಲ ಅಂದಾಗ ಲೈನ್ ಕೆಳಗೆ ಇಳಿಸ್ಬೇಕಿತ್ತು, ಇಳಿಸ್ಲಿಲ್ಲ, ಹೋಲ್ಡಿಂಗ್ ಕೈಲಿ ಸಲಿಬಾ ಕೆಲಸ ಮಾಡ್ಸೋಕೆ ಹೋದ್ರು. ಬೈಗುಳ ಎಲ್ಲ ಹೋಲ್ಡಿಂಗ್‌ಗೆ ಬಿತ್ತು, ಪಾಪ.

ಇದ್ದೋರಿಗೆ ಬರೋ ಕೆಲಸ ಮಾತ್ರ ಕೊಟ್ಟು ಬಚಾವಾದೋರೂ ಇದಾರೆ. ಲಿವರ್‌ಪೂಲ್‌ಗೆ 2020-21ರಲ್ಲಿ ವಾನ್ ಡೈಕ್, ಗೋಮೆಜ್, ಮಾಟಿಪ್ ಮೂವರೂ ಒಬ್ಬೊಬ್ರಾಗಿ ಇಂಜುರಿ ಆಗಿ, ಫಬಿನ್ಯೊ, ಹೆಂಡರ್ಸನ್‌ನ ಮಿಡ್‌ಫೀಲ್ಡಿಂದ ಹಿಂದಕ್ಕೆ ಎಳೆದು, ಅದ್ರಿಂದ ಮಿಡ್‌ಫೀಲ್ಡೂ ಕೆಟ್ಟು ಆನ್‌ಫೀಲ್ಡ್‌ನಲ್ಲಿ ಸಾಲಾಗಿ ಆರು ಲೀಗ್ ಮ್ಯಾಚು ಸೋತ್ರು. ಕೊನೇಲಿ ನ್ಯಾಟ್ ಫಿಲಿಪ್ಸ್, ರೀಸ್ ವಿಲಿಯಮ್ಸ್ ಅಂತ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಇಬ್ರು ಉದ್ದನೆ ಹುಡುಗ್ರನ್ನ ಹಾಕಿ, ಫಬಿನ್ಯೊನ ಅವನ ಜಾಗಕ್ಕೇ ಬಿಟ್ರು. ಇಬ್ರಿಗೂ ಸ್ಪೀಡ್ ಇಲ್ಲ, ಹೆಡ್ಡಿಂಗ್ ಬರುತ್ತೆ, ಅದಷ್ಟೇ ಮಾಡಿದ್ರು, ಸೀಸನ್ನಿನ ಕೊನೇ ಹತ್ತು ಲೀಗ್ ಮ್ಯಾಚಲ್ಲಿ ಟೀಮ್ ಒಂದೂ ಸೋಲದೆ ಮೂರನೇ ಸ್ಥಾನಕ್ಕೆ ಬಂತು.

ನಮ್ಮ ಬೆಂಗಳೂರು ಎಫ್‌ಸಿ ಕಡೆ ಬಂದ್ರೆ, ಕ್ಲಬ್ ಹುಟ್ಟಿದ ವರ್ಷವೇ, 2013-14ರಲ್ಲಿ, ಆಗಿನ ದೇಶದ ಟಾಪ್ ಲೀಗ್ ಐ-ಲೀಗ್ ಗೆದ್ದಾಗ ಹಿಂದೆ ಇದ್ದೋರು ಇಂಗ್ಲೆಂಡ್‌ನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಸ್ವತಃ ಡಿಫೆಂಡರ್. ಆಮೇಲೆ ಜಾನ್ಸನ್ ಜೊತೆ ಸ್ಪೇನ್‌ನ ಹುವಾನನ್ ಸೇರ್ಕೊಂಡ, ಈ ಜೋಡಿ 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡೋ ಎಎಫ್‌ಸಿ ಕಪ್ ಫೈನಲ್ ತನಕ ಹೋಯ್ತು, ನನ್ನ ಲೆಕ್ಕದಲ್ಲಿ ಭಾರತದ ಕ್ಲಬ್ ಫುಟ್‌ಬಾಲ್‌ನಲ್ಲಿ ಕಂಡ ಬೆಸ್ಟ್ ಜೋಡಿಗಳಲ್ಲಿ ಒಂದು. ಜಾನ್ಸನ್ ಕಿರುಚಾಡ್ಕೊಂಡು ನುಗ್ಗೋನು, ಹುವಾನನ್ ಬಾಲ್ ಇಟ್ಕೊಂಡು ತಲೆ ಎತ್ತಿ ನೋಡೋನು.

ಆದ್ರೂ ಕಂಠೀರವದಲ್ಲಿ ಬಿಎಫ್‌ಸಿ ಕಣ್ಣೀರು ಹಾಕಿದ್ದು ಓಪನ್ ಪ್ಲೇನಲ್ಲಿ ಅಲ್ಲ, ಕಾರ್ನರ್‌ನಲ್ಲಿ. 2015ರ ಮೇ 31, ಮೋಹನ್ ಬಾಗಾನ್ ಮೇಲೆ ಗೆದ್ರೆ ಲೀಗ್ ನಮ್ದು, ಜಾನ್ಸನ್ನೇ ಗೋಲ್ ಹೊಡೆದು 1-0 ಮಾಡಿದ್ದ, 87ನೇ ನಿಮಿಷದಲ್ಲಿ ಕಾರ್ನರ್ ಬಂತು, ಅವರ ಸೆಂಟರ್ ಬ್ಯಾಕ್ ಬೆಲ್ಲೊ ರಜಾಕ್ ತಲೆ ಕೊಟ್ಟ, 1-1, ಕಪ್ಪು ಕಲ್ಕತ್ತಾಗೆ. 2018ರ ಮಾರ್ಚಲ್ಲಿ ಐಎಸ್‌ಎಲ್ ಫೈನಲ್, ಅದೇ ಕಂಠೀರವ, ಛೆಟ್ರಿ ಮೊದಲೇ ಗೋಲ್ ಹೊಡೆದಿದ್ರು, ಚೆನ್ನೈಯಿನ್‌ನ ಸೆಂಟರ್ ಬ್ಯಾಕ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್, 3-2ಗೆ ಸೋಲು. ಕಾರ್ನರ್ ಬಂದಾಗ ಜೋಡಿ ಅನ್ನೋದೇ ಇರಲ್ಲ, ಬಾಕ್ಸಲ್ಲಿ ಎಲ್ರಿಗೂ ಒಬ್ಬೊಬ್ಬನ ಡ್ಯೂಟಿ, ಒಬ್ಬ ತಪ್ಪಿದ್ರೂ ಸಾಕು. ಆದ್ರೆ ಮಾರನೇ ದಿನ ಬೈಸ್ಕೊಳ್ಳೋದು ಸೆಂಟರ್ ಬ್ಯಾಕ್‌ಗಳೇ. ಕೊನೆಗೆ 2019ರ ಫೈನಲ್ಲಲ್ಲಿ ಗೋವಾ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ ರಾಹುಲ್ ಭೆಕೆ ಕಾರ್ನರ್‌ಗೆ ತಲೆ ಕೊಟ್ಟು ಕಪ್ ತಂದ, ಸಾಲ ತೀರ್ತು.

ಇಂಡಿಯಾ ಟೀಮ್ ವಿಷ್ಯಕ್ಕೆ ಬಂದ್ರೆ ಈ ಒಪ್ಪಂದದ ಮಾತು ಇನ್ನೂ ಕಷ್ಟ. 2023ರ ಸ್ಯಾಫ್ ಕಪ್ ಕಂಠೀರವದಲ್ಲೇ ಗೆದ್ದಾಗ ಸಂದೇಶ್ ಜಿಂಗನ್, ಅನ್ವರ್ ಅಲಿ ಜೋಡಿ ಗಟ್ಟಿಯಾಗ್ತಿದೆ ಅನ್ಸಿತ್ತು. 2024ರ ಜನವರಿಯ ಏಷ್ಯನ್ ಕಪ್‌ಗೆ ಅನ್ವರ್ ಇಂಜುರಿಯಿಂದ ಬರ್ಲೇ ಇಲ್ಲ, ಜಿಂಗನ್ ಪಕ್ಕ ಭೆಕೆ, ಆಮೇಲೆ ಸಿರಿಯಾ ಮೇಲೆ ಆಡ್ತಾ ಜಿಂಗನ್ ಮಂಡಿಗೂ ಪೆಟ್ಟಾಯ್ತು. 2025ರ ಅಕ್ಟೋಬರ್‌ನಲ್ಲಿ ಸಿಂಗಾಪುರದಲ್ಲಿ ಜಿಂಗನ್‌ಗೆ ರೆಡ್ ಕಾರ್ಡ್, ಹತ್ತೇ ಜನ ಇದ್ರೂ ಕೊನೇಲಿ 1-1 ಮಾಡ್ಕೊಂಡ್ರು, ಆದ್ರೆ ಐದು ದಿನಕ್ಕೆ ಮಡಗಾಂವ್‌ನಲ್ಲಿ ಅವನಿಲ್ದೆ ಅದೇ ಸಿಂಗಾಪುರದ ಕೈಲಿ 2-1ಗೆ ಸೋಲು, 2027ರ ಏಷ್ಯನ್ ಕಪ್ ಆಸೆ ಮುಗೀತು. ಆಗ ಜಿಂಗನ್ ಇದ್ದಿದ್ದು ಎಫ್‌ಸಿ ಗೋವಾದಲ್ಲಿ, ಅನ್ವರ್ ಈಸ್ಟ್ ಬೆಂಗಾಲ್‌ನಲ್ಲಿ, ಭೆಕೆ ಬೆಂಗಳೂರಲ್ಲಿ. ಸ್ಪೇನ್ 2010ರಲ್ಲಿ ವರ್ಲ್ಡ್ ಕಪ್ ಗೆದ್ದಾಗ ಟೂರ್ನಿ ಪೂರ್ತಿ ಬಿಟ್ಟಿದ್ದು ಎರಡೇ ಗೋಲು, ಪುಯೋಲ್, ಪಿಕೆ ಇಬ್ರೂ ಬಾರ್ಸಾದೋರು. ಇಟಲಿ 2021ರಲ್ಲಿ ಯುರೋ ಗೆದ್ದಾಗ ಕಿಯೆಲ್ಲಿನಿಗೆ 36, ಬೊನುಚ್ಚಿಗೆ 34, ಇಬ್ರೂ ಯುವೆಂಟಸ್, ಓಡೋಕೆ ಕಾಲಲ್ಲಿ ದಮ್ಮಿಲ್ದಿದ್ರೂ ಒಬ್ಬ ಹೋದ್ರೆ ಇನ್ನೊಬ್ಬ ಎಲ್ಲಿರ್ತಾನೆ ಅಂತ ಕಣ್ಮುಚ್ಚಿ ಹೇಳ್ತಿದ್ರು. ನಮ್ಮೋರು ಕ್ಲಬ್‌ನಲ್ಲಿ ಸೀಸನ್ ಪೂರ್ತಿ ಬೇರೆ ಬೇರೆ ಪಾರ್ಟ್ನರ್ ಜೊತೆ, ಬಹಳ ಸಲ ಫಾರಿನ್ ಸೆಂಟರ್ ಬ್ಯಾಕ್ ಪಕ್ಕ ಆಡಿ, ಅವನು ಹೇಳಿದಂಗೆ ಕೇಳ್ಕೊಂಡು ಅಭ್ಯಾಸ ಆಗಿ, ಕ್ಯಾಂಪ್‌ನಲ್ಲಿ ಸಿಗೋ ನಾಲ್ಕು ದಿನದಲ್ಲಿ ಒಬ್ಬರಿಗೊಬ್ಬರು ಅರ್ಥ ಆಗ್ಬೇಕು. ಕೋಚ್‌ನ ಬದಲಾಯಿಸಿ ಅಂತ ಪ್ರತಿ ಸೋಲಿಗೂ ಕೂಗ್ತೀವಿ, ಬದಲಾಯಿಸ್ತಾರೂ ಕೂಡ. ಯಾವುದಾದ್ರೂ ಒಂದು ಕ್ಲಬ್ಬು ಎರಡು ವರ್ಷ ಇಬ್ರು ಇಂಡಿಯನ್ ಹುಡುಗ್ರನ್ನ ಅಕ್ಕಪಕ್ಕ ನಿಲ್ಲಿಸಿ, ಗೋಲು ತಿಂದ್ರೂ ತೆಗೀದೆ ಆಡ್ಸುತ್ತಾ ಅಂತ ಯಾರೂ ಕೇಳಲ್ಲ.